ಕಿವಿಗೆ ಬಿಟ್ಟ ಎಣ್ಣೆ

ನಾನು ಒಂದು ಎಣ್ಣೆಬಟ್ಟಲು. ಕಂಚಿನ ಬಟ್ಟಲು. ಹಿತ್ತಾಳೆಯದಾ ಅಂತ ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ಆದ್ದರಿಂದ ಮೊದಲೇ ಹೇಳಿಬಿಟ್ಟೆ. ನಾಗಮಂಗಲದ ಕಂಚುಗಾರರ ಬೀದಿಯಲ್ಲಿ ಒಂದು ಒಡೆದ ಗಂಟೆಯನ್ನೂ ಸವೆದ ತಟ್ಟೆಗಳನ್ನೂ ಕರಗಿಸಿ ನನ್ನನ್ನು ಎರಕ ಹೊಯ್ದರು. ಅಂಗೈಯಲ್ಲಿ ಕೂರುವಷ್ಟು ಗಾತ್ರ, ಒಂದು ಕಡೆ ಎಣ್ಣೆ ಬಿಡಲು ಪುಟ್ಟ ಮೂತಿ. ನನ್ನನ್ನು ಮಾಡಿದ ಆಚಾರಿ ಬೆರಳಿನಿಂದ ತಟ್ಟಿ, ನಾದ ಕೇಳಿ ತಲೆದೂಗಿದ. ಗಂಟೆಯ ವಂಶ ನೋಡಿ, ಮಾತು ಸ್ವಲ್ಪ ಜಾಸ್ತಿ. ಸಹಿಸಿಕೊಳ್ಳಿ.

ನನ್ನನ್ನು ಕೊಂಡವಳು ಒಬ್ಬ ತಾಯಿ. ಮಗಳು ಗಂಗಮಾಳಮ್ಮನ ಮದುವೆಗೆ ಪಾತ್ರೆ ಕೂಡಿಸುತ್ತಿದ್ದಳು. ಕೊಡ, ಕೊಳಗ, ಚೊಂಬುಗಳ ನಡುವೆ ಚೋಟುದ್ದದ ನಾನೂ ಎತ್ತಿನ ಗಾಡಿ ಏರಿ ತಿಪಟೂರಿಗೆ ಬಂದೆ. ಕೊಬ್ಬರಿಯ ಊರು, ಎಣ್ಣೆಗೇನು ಬರ! ಗಂಗಮಾಳಮ್ಮನ ಮಗ ರೇಣುಕಪ್ಪ ಹುಟ್ಟಿದ. ನನ್ನನ್ನು ಕಂಡರೆ ಊರಿಗೇ ಕೇಳುವಂತೆ ಅರಚುತ್ತಿದ್ದ. ದೊಡ್ಡವನಾಗಿ ಬಸ್ ಡ್ರೈವರಾದ, ಕೊಬ್ಬರಿ ಮಂಡಿಯಲ್ಲಿ ಕೆಲಸ ಮಾಡುವ ಶಶಿಕಲಾಳನ್ನು ಮದುವೆಯಾದ. ಸೊಸೆಯ ಜೊತೆ ಮನೆಗೆ ಪ್ಲಾಸ್ಟಿಕ್ ಎಣ್ಣೆ ಬಾಟಲಿಯೂ ಬಂತು. ನಾನು ಅಟ್ಟ ಸೇರಿದೆ. ಕೆಲವು ವರ್ಷ ಜೇಡನ ಜೊತೆ ಸಂಸಾರ ಮಾಡಿದ್ದೇನೆ, ಆ ಅವಮಾನದ ಕಥೆ ಈಗ ಬೇಡ.

ನನ್ನನ್ನು ಅಟ್ಟದಿಂದ ಇಳಿಸಿದ್ದು ಶಶಿಕಲಾಳ ಮಗಳು ಇಂಚರ. ಅಂದರೆ ಆ ಮಗು ಹುಟ್ಟಿದ್ದಕ್ಕೆ ಗಂಗಮಾಳಮ್ಮ ಏಣಿ ಹಾಕಿಸಿ ನನ್ನನ್ನು ಹುಡುಕಿಸಿದಳು, ಹುಣಸೆಹಣ್ಣಿನಲ್ಲಿ ಉಜ್ಜಿ ಫಳಫಳ ಮಾಡಿದಳು. ಶಶಿಕಲಾ ಬೇಗನೆ ಕೆಲಸಕ್ಕೆ ಮರಳಬೇಕಾಯಿತು. ಹಾಗಾಗಿ ಮಗು ಬೆಳೆದದ್ದು ಅಜ್ಜಿಯ ಮಡಿಲಲ್ಲೇ.

ಅಜ್ಜಿಯ ಎಣ್ಣೆನೀರಿಗೆ ಒಂದು ಕ್ರಮವಿತ್ತು. ಮೊದಲು ನೆತ್ತಿಗೆ ತಟ್ಟಬೇಕು, ಆಮೇಲೆ ಬೆನ್ನು, ಕೈಕಾಲು. ಕಟ್ಟಕಡೆಗೆ ಮಗುವಿನ ತಲೆಯನ್ನು ತೊಡೆಯ ಮೇಲೆ ಪಕ್ಕಕ್ಕೆ ಒರಗಿಸಿಕೊಂಡು, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ನನ್ನ ಮೂತಿಯಿಂದ ಕಿವಿಗೆ ಬಿಡಬೇಕು. ಕಿವಿಗೆ ಎಣ್ಣೆ ಬೀಳದಿದ್ದರೆ ಅದು ಎಣ್ಣೆನೀರೇ ಅಲ್ಲ ಅನ್ನುವುದು ಅವಳ ವಾದ. ಸೊಸೆ ಬೇಡವೆಂದಳು, ಮಕ್ಕಳ ಡಾಕ್ಟರೂ ಬೇಡವೆಂದರು. ಯಾರ ಮಾತಿಗೂ ಅಜ್ಜಿ ಕ್ಯಾರೇ ಅನ್ನಲಿಲ್ಲ.

ಇಂಚರ ಹೈಸ್ಕೂಲಿನಲ್ಲಿ ಎನ್‌ಸಿಸಿ ಸೇರಿದಳು. ಒಂದು ಕ್ಯಾಂಪಿಗೆ ಹೋಗಿ ಬಂದವಳು ಬೇರೆಯೇ ಹುಡುಗಿಯಾಗಿದ್ದಳು. ಅಲ್ಲಿ ಒಬ್ಬ ಹೆಣ್ಣು ಮೇಜರ್ ಮೈದಾನದ ನಡುವೆ ನಿಂತು ಒಂದೇ ಒಂದು ಸಲ ಕೂಗಿದರೆ ಮೈದಾನದ ತುಂಬ ಇದ್ದ ಮಕ್ಕಳೆಲ್ಲ ಒಟ್ಟಿಗೆ ತಿರುಗಿದರಂತೆ. ಆ ಕೂಗನ್ನು ಇವಳು ಬಚ್ಚಲಿನಲ್ಲಿ ಅಭ್ಯಾಸ ಮಾಡತೊಡಗಿದಳು. ಗೋಡೆಯ ಗೂಡಿನಲ್ಲಿದ್ದ ನಾನು ಝಣ್ ಅನ್ನುತ್ತಿದ್ದೆ. ಅವಳ ಆಜ್ಞೆ ಪಾಲಿಸಿದ ಮೊದಲ ಸಿಪಾಯಿ ನಾನೇ, ಇದನ್ನು ಯಾರೂ ಅಲ್ಲಗಳೆಯಲಾರರು.

ಪುಣೆಯ ಹತ್ತಿರ ಖಡಕವಾಸಲಾದಲ್ಲಿ ಎನ್‌ಡಿಎ ಅಂತ ಇದೆ, ಪಿಯುಸಿ ಮುಗಿಸಿದವರನ್ನು ಆರಿಸಿಕೊಂಡು ಸೇನಾಧಿಕಾರಿಗಳನ್ನಾಗಿ ತಯಾರು ಮಾಡುತ್ತಾರೆ, ಈಗ ಹುಡುಗಿಯರನ್ನೂ ತೆಗೆದುಕೊಳ್ಳುತ್ತಾರೆ. ಊಟಕ್ಕೆ ಕೂತಾಗಲೆಲ್ಲ ಮನೆಯಲ್ಲಿ ಇದೇ ಮಾತು. ಇಂಚರ ಬೆಳಗಾಗುವುದರೊಳಗೆ ಎದ್ದು ಕಾಲೇಜು ಮೈದಾನದಲ್ಲಿ ಓಡುತ್ತಿದ್ದಳು, ಬಂದು ಓದಲು ಕೂರುತ್ತಿದ್ದಳು. ನೋಡಿದರೆ ಅಯ್ಯೋ ಅನಿಸುತ್ತಿತ್ತು. ರೇಣುಕಪ್ಪ ರೂಟ್ ಮುಗಿಸಿ ಬಂದು ಸುಸ್ತಾಗಿದ್ದರೂ ಅವಳಿಂದ ಪ್ರಶ್ನೋತ್ತರ ಹೇಳಿಸುತ್ತಿದ್ದ.

ಅಜ್ಜಿಗೆ ಮಾತ್ರ ಇದು ಸುತರಾಂ ಇಷ್ಟವಿರಲಿಲ್ಲ. ಕಾರಣ ದೊಡ್ಡದೇನಲ್ಲ, ಮೊಮ್ಮಗಳನ್ನು ಬಿಟ್ಟಿರಲು ಆಗುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ಬಿಗುಮಾನ. ಅದಕ್ಕೇ ಕೂದಲು ಕತ್ತರಿಸುತ್ತಾರೆ, ಬಂದೂಕು ಹಿಡಿಸುತ್ತಾರೆ, ಆಮೇಲೆ ಯಾವನು ಮದುವೆಯಾಗುತ್ತಾನೆ ಎಂದೆಲ್ಲ ರಾಗ ತೆಗೆಯುತ್ತಿದ್ದಳು. ಇಂಚರ ಲಿಖಿತ ಪರೀಕ್ಷೆಯಲ್ಲಿ ಪಾಸಾದ ದಿನವಂತೂ ಸೊಸೆಯ ಮುಂದೆ ಕೂತು, "ಅದು ಹೆಂಗೆ ಹೋಗ್ತಾಳೋ ನಾನೂ ನೋಡ್ತೀನಿ. ಏನಾದ್ರೂ ಮಾಡಿ ನಿಲ್ಲಿಸ್ದೆ ಇದ್ರೆ ಕೇಳು" ಅಂದುಬಿಟ್ಟಳು. ಬಾಗಿಲ ಹತ್ತಿರ ನಿಂತಿದ್ದ ಇಂಚರ ಅದನ್ನು ಕೇಳಿಸಿಕೊಂಡಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ, ನನಗೂ ಕೆಲಸವಿಲ್ಲ.

ಬೆಂಗಳೂರಿನಲ್ಲಿ ಐದು ದಿನದ ಸಂದರ್ಶನಕ್ಕೆ ಕರೆ ಬಂತು. ಅದರಲ್ಲಿ ಗೆದ್ದವರು ಅಲ್ಲಿಂದಲೇ ಮಿಲಿಟರಿ ಆಸ್ಪತ್ರೆಗೆ ವೈದ್ಯಕೀಯ ಪರೀಕ್ಷೆಗೆ ಹೋಗಬೇಕು. ಹೊರಡುವ ಹಿಂದಿನ ದಿನ ಅಜ್ಜಿ ತಾನಾಗಿಯೇ ಎಣ್ಣೆ ಕಾಯಿಸಿ ನನ್ನನ್ನು ತುಂಬಿಕೊಂಡು ಬಂದು ಮೊಮ್ಮಗಳನ್ನು ಕರೆದಳು. ಇಂಚರ ಒಂದು ಗಳಿಗೆ ನೋಡಿದಳು, ಆಮೇಲೆ ಬಂದು ಕೂತಳು. ಶಶಿಕಲಾ ಒಳಗೆ ನಿಂತು ಕಣ್ಣೊರೆಸಿಕೊಂಡಳು. ನಾನೂ ಹಿಗ್ಗಿ ಹೀರೇಕಾಯಿಯಾದೆ.

ಕಿವಿಯ ಸರದಿ ಬಂದಾಗ ಇಂಚರ ಬೇಡವೆಂದಳು. ಮೆಡಿಕಲ್ಲಿನಲ್ಲಿ ಕಿವಿ ನೋಡುತ್ತಾರಂತೆ ಅಂದಳು. ನೋಡಲಿ ಬಿಡು, ಶುಚಿಯಾಗಿರುತ್ತದೆ ಅಂತ ಅಜ್ಜಿ ಅವಳ ತಲೆ ಒರಗಿಸಿಕೊಂಡಳು. ದಿನಕ್ಕಿಂತ ಹೆಚ್ಚಾಗಿಯೇ ಬಿಟ್ಟಳು. ಪರಸ್ಥಳದ ಗಾಳಿ ನನ್ನ ಕೂಸಿನ ಕಿವಿಗೆ ಹೊಗದಿರಲಿ, ಹೋದ ಕೆಲಸ ಆಗಲಿ ಎಂದು ಬಾಯೊಳಗೇ ಹೇಳಿಕೊಂಡಳು. ಇಂಚರಳ ಕಿವಿ ತುಂಬ ಎಣ್ಣೆ, ಅವಳಿಗೆಲ್ಲಿ ಕೇಳಬೇಕು? ಕೇಳಿಸಿದ್ದು ನನಗೊಂದಕ್ಕೇ.

ಸಂದರ್ಶನದಲ್ಲಿ ಇಂಚರ ಗೆದ್ದಳು. ಫೋನು ಬಂದಾಗ ರೇಣುಕಪ್ಪ ಡಿಪೋಗೆಲ್ಲ ಮೈಸೂರುಪಾಕು ಹಂಚಿ ಬಂದ. ಅಜ್ಜಿ ತಿನ್ನಲಿಲ್ಲ, ಆದರೆ ಅಕ್ಕಪಕ್ಕದವರಿಗೆ ಹೇಳಿ ಬಂದಳು. ಕೆಲವು ದಿನ ಬಿಟ್ಟು ಇನ್ನೊಂದು ಫೋನು ಬಂತು. ಆಸ್ಪತ್ರೆಯ ವೈದ್ಯರು ದೀಪ ಹಿಡಿದು ನೋಡಿದರೆ ಕಿವಿಯಲ್ಲಿ ಗುಗ್ಗೆ ಎಣ್ಣೆಯ ಜೊತೆ ಉಬ್ಬಿ ಗಟ್ಟಿಯಾಗಿ ಕೂತಿದೆ, ಒಳಗಿನ ಕಿವಿತಮಟೆ ಕಾಣುವುದೇ ಇಲ್ಲ. ಕಾಣದ್ದನ್ನು ಸರಿಯಿದೆ ಅಂತ ಅವರು ಹೇಗೆ ಬರೆಯುತ್ತಾರೆ? ಸದ್ಯಕ್ಕೆ ಅನರ್ಹ ಎಂದರು. ಕಿವಿ ಶುಚಿ ಮಾಡಿಸಿಕೊಂಡು ಕೆಲವು ವಾರಗಳೊಳಗೆ ಇನ್ನೊಮ್ಮೆ ಬಂದು ತೋರಿಸಬಹುದು. ಆಗಲೂ ದೋಷ ಕಂಡರೆ ಈ ಸಲದ ಅವಕಾಶ ಹೋಯಿತು.

ಇಂಚರ ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ಅಜ್ಜಿಯ ಎದುರು ನಿಂತಳು.

"ನಿಲ್ಲಿಸ್ತೀನಿ ಅಂದಿದ್ರಲ್ಲ ಅಜ್ಜಿ. ನಿಲ್ಲಿಸಿಬಿಟ್ರಿ."

ಹುಟ್ಟಿದಾಗಿನಿಂದ ಅಜ್ಜಿಯನ್ನು ನೀನು ಅನ್ನುತ್ತಿದ್ದ ಹುಡುಗಿ ಅವಳು. ಗಂಗಮಾಳಮ್ಮ ಹಾಗೆ ಅಂದದ್ದಂತೂ ನಿಜ ತಾನೇ! ಛೆ, ಆ ಹೊತ್ತಿನಲ್ಲಿ ನನಗೊಂದು ನಾಲಿಗೆ ಇರಬಾರದಿತ್ತೇ ಅನಿಸಿತು. ನನ್ನ ಹೊಟ್ಟೆಯೊಳಗೆ ಸತ್ಯವಿತ್ತು, ಹೇಳಲು ಬಾಯಿರಲಿಲ್ಲ.

ತುಮಕೂರಿನ ಕಿವಿ ಡಾಕ್ಟರು ಎರಡು ಮೂರು ಸಲ ಕರೆಸಿಕೊಂಡು ಶುಚಿ ಮಾಡಿದರು. ತಮಟೆ ಸ್ವಲ್ಪ ಕೆಂಪಗಿದೆ, ಔಷಧಿ ಹಾಕಿ ಕಾಯಬೇಕು ಅಂದರು. ಇಂಚರ ಬೆಳಗಿನ ಓಟ ಬಿಡಲಿಲ್ಲ, ಆದರೆ ಬಚ್ಚಲಿನಲ್ಲಿ ಕೂಗುವುದನ್ನು ಬಿಟ್ಟಳು. ಅಜ್ಜಿಗೆ ಊಟ ಸೇರುತ್ತಿರಲಿಲ್ಲ. ರೇಣುಕಪ್ಪ ಮಗಳಿಗೂ ತಾಯಿಗೂ ನಡುವೆ ಸಿಕ್ಕಿ ಸುಮ್ಮನೆ ಪೇಪರು ಓದುತ್ತಿದ್ದ.

ಮರುಪರೀಕ್ಷೆಯ ದಿನ ಅಜ್ಜಿ ತಾನೂ ಬರುವೆನೆಂದು ಹಟ ಹಿಡಿದಳು. ಬೇಡವೆಂದರೂ ರೈಲು ಹತ್ತಿದಳು. ಹತ್ತುವ ಮೊದಲು ನನ್ನನ್ನು ಟವೆಲಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡಿದ್ದಳು. ಬೆಂಗಳೂರಿನಲ್ಲಿ ನನ್ನನ್ನು ಮಾರಿಬಿಡುತ್ತಾಳೋ ಏನೋ ಅಂತ ದಾರಿಯುದ್ದಕ್ಕೂ ನನಗೆ ಪುಕಪುಕ.

ಮಿಲಿಟರಿ ಆಸ್ಪತ್ರೆಯ ಗೇಟಿನಲ್ಲಿ ಎತ್ತರದ ಹವಾಲ್ದಾರನೊಬ್ಬ ಚೀಲಗಳನ್ನು ನೋಡುತ್ತಿದ್ದ. ಬಾಗಲಕೋಟೆ ಕಡೆಯವನು, ಮಾತಿನಲ್ಲೇ ಗೊತ್ತಾಯಿತು. ಟವೆಲು ಬಿಚ್ಚಿ ನನ್ನನ್ನು ಮೇಜಿನ ಮೇಲೆ ಇಟ್ಟ, ಮೂಸಿ ನೋಡಿದ. ಇದೇನ್ರಿ ಅಂದ. ಸಾಲಿನಲ್ಲಿ ಹಿಂದೆ ಇಂಚರ ಕಾಗದಗಳನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಅವಳ ಮುಖ ಕೆಂಪಾಯಿತು.

ಅಜ್ಜಿ ಎರಡೂ ಕೈ ಮುಗಿದಳು.

"ಸ್ವಾಮಿ, ಈ ಬಟ್ಲಲ್ಲೇ ಇವಳ ಕಿವಿಗೆ ಎಣ್ಣೆ ಬಿಟ್ಟಿದ್ದು. ಬಿಟ್ಟವಳು ನಾನು. ಡಾಕ್ಟ್ರಿಗೆ ತೋರಿಸ್ಬೇಕು ಅಂತ ತಂದೆ. ಇವಳು ಬೇಡ ಅಂದ್ಲು, ನಾನೇ ಕೇಳ್ಲಿಲ್ಲ. ಇವಳು ಹೋಗೋದು ನಂಗಿಷ್ಟ ಇಲ್ಲ, ಅದು ನಿಜ. ನಿಲ್ಲಿಸ್ತೀನಿ ಅಂದಿದ್ದೂ ನಿಜ. ನಿಲ್ಲಿಸ್ಲೇಬೇಕು ಅಂತಿದ್ರೆ ಊಟ ಬಿಟ್ಟು ಮಲಗ್ತಿದ್ದೆ ಸ್ವಾಮಿ, ನನ್ನ ಕೂಸಿನ ಕಿವಿಗೆ ಕೈ ಹಾಕ್ತಿದ್ನಾ? ಗಾಳಿ ಹೊಗದೆ ಇರ್ಲಿ ಅಂತ ಬಿಟ್ಟೆ. ತಪ್ಪು ನಂದು. ಆ ಸೀಟು ಇವಳಿಗೇ ಕೊಡಿ ಅಂತ ಒಳಗಿರೋರಿಗೆ ಒಂದು ಮಾತು ಹೇಳಿ."

ಹವಾಲ್ದಾರ ಟೋಪಿ ಸರಿಮಾಡಿಕೊಂಡ. ತಾನು ಹೇಳಿದರೆ ಸೀಟು ಸಿಗುವುದಿಲ್ಲ, ಬಟ್ಟಲನ್ನು ಒಳಗೆ ಬಿಡುವುದಕ್ಕೂ ಆಗುವುದಿಲ್ಲ ಅಂದ. ಆಮೇಲೆ ದನಿ ತಗ್ಗಿಸಿದ.

"ಯವ್ವಾ, ನಾ ಮಿಲಿಟ್ರಿ ಭರ್ತಿಗೆ ಹೊಂಟಾಗ ನಮ್ಮವ್ವನೂ ಹಿಂಗ ಕಿವ್ಯಾಗ ಎಣ್ಣಿ ಹಾಕಿ ಕಳಿಸಿದ್ಲು. ಹೊಳ್ಳಿ ಮನಿಗೆ ಕಳಿಸಿದ್ರು. ಮತ್ತೊಂದು ಭರ್ತಿಗೆ ಬಂದು ಸೇರೇನಿ. ಚಿಂತಿ ಮಾಡಬ್ಯಾಡ, ಕುಂದರು."

ಇಂಚರ ಮುಂದೆ ಬಂದಳು. ಮೇಜಿನ ಮೇಲಿಂದ ನನ್ನನ್ನು ಎತ್ತಿಕೊಂಡು, ಟವೆಲಿನಲ್ಲಿ ಸುತ್ತಿ, ಅಜ್ಜಿಯ ಕೈಗೆ ಕೊಟ್ಟಳು.

"ಇದನ್ನ ಹಿಡ್ಕೊಂಡು ಆ ನೆರಳಲ್ಲಿ ಕೂತಿರು ಅಜ್ಜಿ. ನಾನು ಬರೋವರ್ಗೂ ಎಲ್ಲೂ ಹೋಗ್ಬೇಡ."

ಅಜ್ಜಿ ಕೂತಳು. ನೀರು ಕೂಡ ಕುಡಿಯದೆ ನನ್ನನ್ನು ಹಿಡಿದುಕೊಂಡು ಕೂತೇ ಇದ್ದಳು. ಸಂಜೆ ಇಂಚರ ಹೊರಗೆ ಬಂದು, ಕಿವಿ ಸರಿಯಿದೆ ಅಂದರು, ಪಾಸು ಮಾಡಿದರು ಎಂದು ಹೇಳಿದಳು. ಅಜ್ಜಿಯನ್ನು ರಟ್ಟೆ ಹಿಡಿದು ಎಬ್ಬಿಸಿದಳು.

ಅಷ್ಟಕ್ಕೇ ಮುಗಿಯಲಿಲ್ಲ. ದೇಶಕ್ಕೆಲ್ಲ ಒಂದೇ ಪಟ್ಟಿ, ಹುಡುಗಿಯರಿಗೆ ಇರುವ ಸೀಟು ಕೈಬೆರಳೆಣಿಕೆಯಷ್ಟು. ಪಟ್ಟಿ ಬರುವವರೆಗೆ ಅಜ್ಜಿ ದಿನಾ ದೇವರ ಮುಂದೆ ಕೂತು ಇವಳಿಗೆ ಸಿಗಲಿ, ಇವಳಿಗೇ ಸಿಗಲಿ ಅಂತ ಬೇಡಿಕೊಂಡಳು. ಒಂದು ಬೆಳಿಗ್ಗೆ ಪಟ್ಟಿ ಬಂತು. ಇಂಚರಳ ಹೆಸರು ಕೆಳಗಡೆ ಇತ್ತು, ಆದರೆ ಇತ್ತು. ರೇಣುಕಪ್ಪ ಬಸ್ಸಿನ ಹಾರನ್ನಿನಂತೆ ಕೂಗಿದ.

ಈಗ ನಾನು ನಡುಮನೆಯ ಗಾಜಿನ ಬೀರುವಿನಲ್ಲಿದ್ದೇನೆ. ಇಂಚರ ಖಡಕವಾಸಲಾದಲ್ಲಿದ್ದಾಳೆ, ಕೂದಲು ಕತ್ತರಿಸಿಕೊಂಡ ಫೋಟೊ ಬಂದಿದೆ. ಬಂದವರಿಗೆಲ್ಲ ಅಜ್ಜಿ ಫೋಟೊ ತೋರಿಸಿ, ಮಿಲಿಟರಿ ಗೇಟಿನವರೆಗೂ ಹೋಗಿ ಬಂದ ಬಟ್ಟಲು ಇದೇ ಅಂತ ನನ್ನನ್ನೂ ತೋರಿಸುತ್ತಾಳೆ. ನಾನು ಎಣ್ಣೆ ಕಂಡು ಬಹಳ ಕಾಲವಾಯಿತು. ಬೇಸರವಿಲ್ಲ ಅಂದರೆ ಸುಳ್ಳು. ಅಂಚು ಸವೆದಿದೆ, ತಟ್ಟಿದರೆ ಮೊದಲಿನ ನಾದವಿಲ್ಲ. ಎಷ್ಟೋ ಕೈಗಳನ್ನು ಕಂಡಿದ್ದೇನೆ, ಆದರೆ ತನಗೆ ಬೇಡವಾದದ್ದನ್ನು ಇನ್ನೊಬ್ಬರಿಗಾಗಿ ಬೇಡಿದ ಕೈಯನ್ನು ಕಂಡದ್ದು ಒಂದೇ ಸಲ. ಪಟ್ಟಿ ಬಂದ ಆ ದಿನ ನಡೆದದ್ದನ್ನು ಹೇಳಿ ಮುಗಿಸುತ್ತೇನೆ.

ಮನೆಯೆಲ್ಲ ಗದ್ದಲವಿದ್ದಾಗ ಅಜ್ಜಿ ನನ್ನನ್ನು ಎತ್ತಿಕೊಂಡು ಹಿತ್ತಲ ನಲ್ಲಿಗೆ ಬಂದು ಉಜ್ಜತೊಡಗಿದಳು. ನಾನಾಗಲೇ ಹೊಳೆಯುತ್ತಿದ್ದೆ. ಅವಳ ಕಣ್ಣೀರು ನನ್ನೊಳಗೇ ಬೀಳುತ್ತಿತ್ತು. ಹುಡುಕಿಕೊಂಡು ಬಂದ ಇಂಚರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ನಿನಗೆ ಇಷ್ಟವಾಗಲಿಲ್ಲವಾ ಅಂತ ಮೆಲ್ಲಗೆ ಕೇಳಿದಳು.

"ಇಷ್ಟ ಎಲ್ಲಿಂದ ಬರ್ಬೇಕು? ಇವತ್ತಿಗೂ ಇಲ್ಲ" ಅಂದಳು ಅಜ್ಜಿ. "ಸಿಗ್ಲಿ ಸಿಗ್ಲಿ ಅಂತ ನಾನೇ ಬೇಡ್ಕೊಂಡೆ, ಸಿಕ್ಕೇಬಿಡ್ತು. ಸ್ವಲ್ಪ ಹೊತ್ತು ಅಳ್ತೀನಿ ಕಣೇ, ಆಮೇಲೆ ಒಳಗೆ ಬಂದು ನಿಂಗೆ ಆರತಿ ಎತ್ತೀನಿ."