ತಗ್ಗು ಬಾಗಿಲು ಕಂಡ ಬಾಂಡ್ಲಿ

ನಾನು ಒಂದು ಬಾಂಡ್ಲಿ. ಮರಳು, ಗಾರೆ ಹೊರುವ ಕಬ್ಬಿಣದ ಬಾಂಡ್ಲಿ. ಕೊಳ್ಳೇಗಾಲದ ಶೆಡ್ಡೊಂದರಲ್ಲಿ ಚಪ್ಪಟೆ ತಗಡನ್ನು ಬಡಿದು ಬಗ್ಗಿಸಿ ನನ್ನನ್ನು ಮಾಡಿದರು. ನಾನು ಬಗ್ಗಿದ್ದು ಅದೇ ಮೊದಲು, ಅದೇ ಕೊನೆ.

ಮೊದಲು ಮೇಸ್ತ್ರಿಯೊಬ್ಬನ ಬಳಿ ಇದ್ದೆ. ಪೇಟೆಯಲ್ಲಿ ಎಷ್ಟೋ ಮನೆಗಳಿಗೆ ಗಾರೆ ಹೊತ್ತೆ. ಒಂದರ ಗೃಹಪ್ರವೇಶಕ್ಕೂ ನನ್ನನ್ನು ಒಳಗೆ ಕರೆಯಲಿಲ್ಲ. ಅಂಚು ಸೀಳಿದಾಗ ಅವನು ಎಸೆದ. ಕೂಲಿಗೆ ಬಂದಿದ್ದ ಕೇತಮ್ಮ ಎತ್ತಿಕೊಂಡಳು. ಅವಳದು ಬೆಟ್ಟದ ಮೇಲಿನ ನೆಲ್ಲಿಬೋರೆ, ಸೋಲಿಗರ ಪೋಡು, ಅಂದರೆ ಕಾಡೊಳಗಿನ ಪುಟ್ಟ ಹಾಡಿ.

ಅಲ್ಲಿಗೆ ಸ್ಕೂಲು ಮಂಜೂರಾಗಿತ್ತು, ರಸ್ತೆ ಆಗಿರಲಿಲ್ಲ. ಲಾರಿ ಮರಳು, ಸಿಮೆಂಟನ್ನು ಬೆಟ್ಟದ ಬುಡದಲ್ಲೇ ಇಳಿಸಿ ಹೋಯಿತು. ಅವತ್ತು ಪೋಡಿನವರು ಒಂದು ಕಟ್ಟು ಮಾಡಿಕೊಂಡರು: ಸಂತೆಗೆ ಇಳಿದವರು ಯಾರೂ ಹೊರೆಯಿಲ್ಲದೆ ಬರಿತಲೆಯಲ್ಲಿ ಹತ್ತಬಾರದು. ಎರಡು ವರ್ಷ ಕೇತಮ್ಮನ ತಲೆಯ ಮೇಲೆ ಕೂತು ಆರು ಮೈಲಿ ಹತ್ತಿದೆ. ಸಿಂಬಿಯ ಕೆಳಗೆ ಅವಳ ನೆತ್ತಿಯ ಕೂದಲು ಸವೆದದ್ದು ನನಗೆ ಮಾತ್ರ ಗೊತ್ತು. ಕಟ್ಟಡ ಪಾಸಾದರೆ ಟೀಚರ್ ಬರುತ್ತಾರೆ. ಇಲ್ಲವಾದರೆ ಏಳು ವರ್ಷದ ಮಗಳು ಜಡೆಮಾದಿಯನ್ನು ಕೆಳಗಿನ ಹಾಸ್ಟೆಲಿಗೆ ಬಿಡಬೇಕು.

ಗೋಡೆ ಎದ್ದಿತು, ಸೂರೂ ಕೂತಿತು. ಬಾಗಿಲನ್ನು ಮಾತ್ರ ಪೋಡಿನವರು ತಮ್ಮ ಗುಡಿಸಲಿನ ಅಳತೆಗೇ ಇಟ್ಟುಬಿಟ್ಟರು, ತಲೆ ಬಗ್ಗಿಸಿ ಹೊಗುವಷ್ಟು ತಗ್ಗು. ಒಲೆಯಿರುವ ಕಡೆ ಸೆಟೆದು ನುಗ್ಗಬಾರದು ಎಂಬುದು ಆ ಪೋಡಿನ ರೂಢಿ. ಸ್ಕೂಲಿನಲ್ಲಿ ಒಲೆ ಇರುವುದಿಲ್ಲವೆಂದು ಯಾರಿಗೂ ಹೊಳೆಯಲಿಲ್ಲ.

ಇಂಜಿನಿಯರ್ ಬಂದರು. ಟೇಪು ಹಿಡಿದರು.

“ಇದೇನಮ್ಮ, ಬಾಗಿಲೋ ಕೋಳಿಗೂಡೋ? ಒಡೆದು ಎತ್ತರ ಮಾಡಿ. ಇಲ್ದಿದ್ರೆ ಸೈನ್ ಹಾಕಲ್ಲ.”

ಒಡೆದರೆ ಗೋಡೆಯೂ ಸೂರೂ ಇಳಿಯಬೇಕು. ಕೇತಮ್ಮ ನನ್ನ ತುಂಬ ಮರಳು ತುಂಬಿ ಅವರ ಮುಂದಿಟ್ಟಳು.

“ಒಡೀತೀವಿ ಸಾ. ಅದ್ಕೂ ಮುಂಚೆ ಇದೊಂದ್ ಬಾಂಡ್ಲಿ ಹೊತ್ಕಂಡು ಆ ನೇರಳೆ ಮರ ಮುಟ್ಬುಟ್ಟು ಬನ್ನಿ.”

“ನನಗೇ ಹೇಳ್ತೀಯಾ?”

“ಇನ್ಯಾರ್ಗೆ ಹೇಳಾನ? ನಾವು ಎಲ್ಡು ವರ್ಸ ಹೊತ್ತಾಯ್ತು.”

ಹಿಂದೆ ನಿಂತಿದ್ದ ಮುದುಕ ಕುಂಬೇಗೌಡ, “ಸಿಂಬಿ ಕೊಡವ್ವ. ಸಾಹೇಬ್ರು ತಲೆ ನುಣ್ಣಗದೆ, ಜಾರೋಯ್ತದೆ,” ಎಂದ. ಜನ ನಕ್ಕರು.

ನಗು ಕೇಳಿ ಇಂಜಿನಿಯರ್ ರೋಷದಿಂದಲೇ ನನ್ನನ್ನು ಹೊತ್ತರು. ಹನ್ನೊಂದು ಹೆಜ್ಜೆ. ನೇರಳೆ ಮರ ಇನ್ನೂ ದೂರವಿತ್ತು. ನಾನೇನೂ ಹೆಚ್ಚು ಭಾರವಾಗಲಿಲ್ಲ, ಹಗುರವೂ ಆಗಲಿಲ್ಲ. ಕೆಳಗಿಟ್ಟು ಕತ್ತು ಹಿಡಿದುಕೊಂಡು ನಿಂತರು.

ಕೇತಮ್ಮ ಬಾಗಿಲು ತೋರಿಸಿದಳು. “ಒಳ್ಗೆ ನೆಳ್ಳದೆ. ಬಗ್ಗಿ ಬನ್ನಿ ಸಾ.”

ಬಗ್ಗಿದರು. ಒಳಗೇ ಕೂತು ಸೈನ್ ಹಾಕಿದರು.

ಈಗ ನನ್ನ ತಳ ತೂತು. ಅದೇ ಬಾಗಿಲ ಪಕ್ಕ ಮಕ್ಕಳ ಚಪ್ಪಲಿ ಇಟ್ಟುಕೊಂಡು ಕೂತಿದ್ದೇನೆ. ಒಳಗೆ ಟೀಚರ್ ಮುಂದೆ ಜಡೆಮಾದಿ ಮಗ್ಗಿ ಹೇಳುವುದು ಕೇಳಿಸುತ್ತದೆ. ಬರುವ ಸಾಹೇಬರೆಲ್ಲ ಬಾಗಿಲು ನೋಡಿ ಹುಬ್ಬು ಗಂಟಿಕ್ಕುತ್ತಾರೆ. ಇಕ್ಕಲಿ. ಅಂಗಳದಲ್ಲಿ ಇನ್ನೂ ಒಂದಿಷ್ಟು ಮರಳು ಉಳಿದಿದೆ. ತಳಕ್ಕೊಂದು ಗೋಣಿತುಂಡು ಹಾಸಿದರೆ ನಾನಿನ್ನೂ ಹೊರಬಲ್ಲೆ.