ತಂಗಿಯ ಮೂರನೆಯ ಹೆಜ್ಜೆ

ಆ ಚರ್ಚಿನ ಸಭೆಯಲ್ಲಿ ದೇವರನ್ನು ಏನಾದರೂ ಕೇಳಬೇಕೆಂದರೆ ಮೊದಲು ಹಾಳೆಯ ಮೇಲೆ ಬರೆಯಬೇಕಿತ್ತು. ಪಾಸ್ಟರ್ ಈ ಸೇವೆಗೆ ಬರುವ ಮುಂಚೆ ಹದಿನೆಂಟು ವರ್ಷ ಜಮೀನು ಅಳೆದವರು. ಸರಪಳಿ ಕೆಳಗಿಟ್ಟರೂ ಅಳತೆಯ ಚಟ ಬಿಟ್ಟಿರಲಿಲ್ಲ. "ದೇವರೇ ಕೆಲಸಾನ ಆರು ದಿನಕ್ಕೆ ಹಂಚ್ಕೊಂಡ, ನಿಮಗೆ ಪ್ಲಾನ್ ಬೇಡ್ವಾ?" ಎಂದು ವರ್ಷದ ಮೊದಲ ಭಾನುವಾರ ತಪ್ಪದೆ ಅದೇ ಜೋಕು ಹೇಳುತ್ತಿದ್ದರು. ಜನರೂ, ಪಾಪ, ತಪ್ಪದೆ ನಗುತ್ತಿದ್ದರು.

ಆಮೇಲೆ ಎಲ್ಲರಿಗೂ ಒಂದೊಂದು ಹಾಳೆ. ಮೇಲೆ ಗುರಿ, ಕೆಳಗೆ ಮೂರು ಹೆಜ್ಜೆ, ಕೊನೆಯಲ್ಲಿ ಜೊತೆಗಾರರ ಹೆಸರು. ಬರೆದವರು ಹಾಳೆಯನ್ನು ತಾವೇ ಇಟ್ಟುಕೊಳ್ಳುವಂತಿಲ್ಲ, ಜೊತೆಗಾರರಿಗೆ ಕೊಡಬೇಕು. ಪ್ರತಿ ಶನಿವಾರ ಇಬ್ಬರೂ ಕೈ ಹಿಡಿದು ಅದಕ್ಕಾಗಿ ಪ್ರಾರ್ಥಿಸಬೇಕು. ಪಾಸ್ಟರಿಗೆ ವರದಿ ಒಪ್ಪಿಸುವವರೂ ಜೊತೆಗಾರರೇ. ತನ್ನ ಗುರಿಯ ಬಗ್ಗೆ ತಾನೇ ಹೋಗಿ ಮಾತಾಡಿದರೆ ಜಂಬ ಬರುತ್ತದೆ ಎಂಬುದು ಪಾಸ್ಟರ್ ವಾದ.

ತಂಗಿಯ ಜೊತೆಗಾರ್ತಿ ಅಕ್ಕ. ಬೇರೆ ಯಾರಿದ್ದರು? ಹೆತ್ತವರು ತೀರಿಕೊಂಡಾಗ ತಂಗಿಗೆ ಒಂಬತ್ತು, ಅಕ್ಕನಿಗೆ ಇಪ್ಪತ್ತು. ಅಂದಿನಿಂದ ಜಡೆ ಹಾಕಿದವಳು, ಬೈದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು ಎಲ್ಲ ಅವಳೇ. ಅಕ್ಕ ಕರೆದು ಕರೆದು, ಸಭೆಯ ಎಂಬತ್ತರ ಅಜ್ಜಿಯರ ಬಾಯಲ್ಲೂ ಅವಳು ತಂಗಿಯಾಗಿಯೇ ಉಳಿದಿದ್ದಳು. ಇಬ್ಬರೂ ಮದುವೆಯ ಗೊಡವೆಗೆ ಹೋಗಲಿಲ್ಲ. ಇಬ್ಬರಿಗೂ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲೇ ಕೆಲಸ. ಅಲ್ಲಿ ಒಂದು ಬೆಡ್‌ಶೀಟ್ ಮಡಚಲು ಇಬ್ಬರು ಬೇಕು. ಎದುರುಬದುರು ನಿಂತು ಮೂಲೆ ಹಿಡಿದು, ಎಳೆದು, ಕೊಡವಿ, ಮುಂದೆ ಬಂದು ಅಂಚಿಗೆ ಅಂಚು ಸೇರಿಸಬೇಕು. ಹದಿನಾಲ್ಕು ವರ್ಷ ದಿನಕ್ಕೆ ಇನ್ನೂರು ಸಲ ಹೀಗೆ ಎದುರಾದ ಮುಖವನ್ನು ಯಾರು ತಾನೇ ಅನುಮಾನಿಸುತ್ತಾರೆ?

ಒಗೆದ ಬಟ್ಟೆಯನ್ನು ಹೆರಿಗೆ ವಾರ್ಡಿಗೆ ಮುಟ್ಟಿಸಲು ಹೋದಾಗ ಒಮ್ಮೆ ತಂಗಿ ಅಲ್ಲೇ ಸಿಕ್ಕಿಹಾಕಿಕೊಂಡಳು. ಹೆರಿಗೆ ನೋವಿನಲ್ಲಿದ್ದ ಹೆಂಗಸಿನ ಬಳಿ ನರ್ಸ್ ಒಬ್ಬಳೇ ಇದ್ದಳು. "ಸ್ವಲ್ಪ ಇವರ ಕೈ ಹಿಡ್ಕೊಳ್ಳಮ್ಮ" ಎಂದಳು. ಮುಕ್ಕಾಲು ಗಂಟೆ ಹಿಡಿದ ಕೈಯಲ್ಲಿ ಉಗುರಿನ ಗುರುತು ಎದ್ದಿತ್ತು, ಕಿವಿಯಲ್ಲಿ ಮಗುವಿನ ಮೊದಲ ಅಳು ತುಂಬಿತ್ತು. ಆ ವರ್ಷ ಅವಳು ಹಾಳೆಯ ಮೇಲೆ ಬರೆದಳು: ಹೆರಿಗೆ ನರ್ಸ್ ಆಗಬೇಕು.

ದೂರದ ಊರಿನ ಮಿಷನ್ ಆಸ್ಪತ್ರೆಯಲ್ಲಿ ಎರಡು ವರ್ಷದ ತರಬೇತಿ, ಹಾಸ್ಟೆಲ್ ವಾಸ. ಮೂವತ್ತೈದು ತುಂಬಿದವರನ್ನು ಸೇರಿಸಿಕೊಳ್ಳುವುದಿಲ್ಲ. ಅಕ್ಟೋಬರಿಗೆ ಅವಳಿಗೆ ಮೂವತ್ತೈದು. ಈ ವರ್ಷ ಆದರೆ ಆಯಿತು, ಇಲ್ಲದಿದ್ದರೆ ಇಲ್ಲವೇ ಇಲ್ಲ. ಮೊದಲ ಹೆಜ್ಜೆ ಅರ್ಜಿ, ಅದನ್ನು ಹಾಕಿದಳು. ಎರಡನೆಯದು ವಿಜ್ಞಾನದ ಪರೀಕ್ಷೆ. ಊಟದ ಬಿಡುವಿನಲ್ಲಿ ಇಸ್ತ್ರಿ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಓದಿ ಅದನ್ನೂ ಪಾಸು ಮಾಡಿದಳು. ಮೂರನೆಯದು ಪಾಸ್ಟರ್ ನೇರವಾಗಿ ಅಲ್ಲಿಗೆ ಕಳಿಸಬೇಕಾದ ಶಿಫಾರಸು ಪತ್ರ. ಅದು ಹೋಗದೆ ಸಂದರ್ಶನದ ಕರೆ ಬರುವುದಿಲ್ಲ.

"ಪಾಸ್ಟರಿಗೆ ಹೇಳಿದೀನಿ. ಅವರು ನೋಡ್ಕೋತಾರೆ" ಎಂದಳು ಅಕ್ಕ.

ಮೇ ಹೋಯಿತು, ಜೂನ್ ಹೋಯಿತು. ಪ್ರತಿ ಶನಿವಾರ ಅಕ್ಕ ಅವಳ ಎರಡೂ ಕೈ ಹಿಡಿದು, "ಕರ್ತನೇ, ನನ್ನ ತಂಗಿಗೆ ಬಾಗಿಲು ತೆರೆ" ಎಂದು ಕಣ್ಣೀರಿಟ್ಟು ಪ್ರಾರ್ಥಿಸಿದಳು. ತಂಗಿ ಆ ಮಿಷನ್ ಆಸ್ಪತ್ರೆಗೆ ಒಂದು ಫೋನ್ ಮಾಡಿದ್ದರೆ ಎರಡೇ ನಿಮಿಷದ ಕೆಲಸ. ಆದರೆ ಹೆಜ್ಜೆ ಮುಗಿದ ಮೇಲೆ ಕಾಯಬೇಕು, ಕೆದಕುವುದು ಅಪನಂಬಿಕೆ ಎಂದು ಆ ಸಭೆಯವರಿಗೆ ಅರೆದು ಕುಡಿಸಿದ್ದರು. ತಂಗಿ ಮಾತು ಮೀರದೆ ಕಾದಳು. ಆಗಸ್ಟಿನಲ್ಲಿ ತರಬೇತಿ ಶುರುವಾಯಿತು, ಕರೆ ಬರಲೇ ಇಲ್ಲ.

"ಅವನು ಮುಚ್ಚಿದ ಬಾಗಿಲನ್ನ ಗುದ್ದಬೇಡ, ತಂಗಿ" ಎಂದು ಅಕ್ಕ ತಲೆ ಸವರಿದಳು.

ತಂಗಿ ಒಂದು ವಾರ ಅತ್ತಳು. ಒಂದು ತಿಂಗಳು ದೇವರ ಮೇಲೆ ಮುನಿಸಿಕೊಂಡು, ಆರಾಧನೆಯಲ್ಲಿ ಹಾಡದೆ ಬಾಯಿ ಮುಚ್ಚಿ ನಿಂತಳು. ಕೊನೆಗೆ ಸೋತು ತಲೆ ಬಾಗಿಸಿದಳು. ಬೇಡ ಎಂದವನು ದೇವರಾದರೆ ಯಾರ ಹತ್ತಿರ ದೂರುವುದು?

ವರ್ಷದ ಕೊನೆಯ ಭಾನುವಾರ ಸಾಕ್ಷಿಗಳ ದಿನ. ಗುರಿ ಮುಟ್ಟಿದವರು ಒಬ್ಬೊಬ್ಬರಾಗಿ ಎದ್ದು ಹೇಳಿ ಕೂತರು. ಸಿಗರೇಟು ಬಿಟ್ಟ ಬಸ್ ಡ್ರೈವರಿಗೆ ಎಲ್ಲರಿಗಿಂತ ಜೋರು ಚಪ್ಪಾಳೆ ಬಿತ್ತು. ಆಮೇಲೆ ಪಾಸ್ಟರ್ ಮೈಕ್ ಹಿಡಿದರು.

"ಗುರಿ ಮುಟ್ಟಿದವರ ಮಾತು ಕೇಳಿದ್ರಿ. ಗುರಿಯನ್ನೇ ಬಿಟ್ಟುಕೊಟ್ಟವರೊಬ್ಬರು ಇಲ್ಲಿದ್ದಾರೆ. ಏಪ್ರಿಲ್‌ನಲ್ಲಿ ನಾನು ನಮ್ಮ ತಂಗಿಗೆ ಶಿಫಾರಸು ಪತ್ರ ಬರೆದು ಸಹಿ ಹಾಕಿದ್ದೆ. ಇನ್ನೇನು ಅಂಚೆಗೆ ಹಾಕ್ಬೇಕು, ಅಷ್ಟರಲ್ಲಿ ಅಕ್ಕ ಬಂದ್ರು. ಅಕ್ಕನ್ನ ಒಂಟಿ ಮಾಡಿ ಹೋಗೋಕೆ ತಂಗಿಗೆ ಮನಸ್ಸಿಲ್ಲವಂತೆ, ಆಸೇನೇ ಬಿಟ್ಟಿದ್ದಾಳಂತೆ, ಯಾರ ಹತ್ರಾನೂ ಎತ್ತಬೇಡಿ ಅಂದಿದ್ದಾಳಂತೆ. ಎಂಟು ತಿಂಗಳು ಹೊಟ್ಟೇಲಿಟ್ಕೊಂಡಿದ್ದೆ. ಇವತ್ತು ಹೇಳಿಬಿಟ್ಟೆ, ಕ್ಷಮಿಸಮ್ಮ. ಎಂಥ ತ್ಯಾಗ!"

ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ತಂಗಿ ಪಕ್ಕಕ್ಕೆ ತಿರುಗಿದಳು. ಅಕ್ಕ ತಲೆ ತಗ್ಗಿಸಿ ತನ್ನ ಸೀರೆಯ ಅಂಚನ್ನು ಮಡಚುತ್ತಿದ್ದಳು. ಅಷ್ಟು ಸಾಕಾಗಿತ್ತು.

ಯಾರೋ ತಂಗಿಯ ಕೈಗೆ ಮೈಕ್ ಕೊಟ್ಟರು. "ನನಗೆ ಇದು ಗೊತ್ತೇ ಇರಲಿಲ್ಲ" ಎಂದಳು. ಮೈಕನ್ನು ಹಿಂದಕ್ಕೆ ಕೊಟ್ಟುಬಿಟ್ಟಳು. ಎಂಥ ವಿನಯ ಎಂದುಕೊಂಡು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಮನೆ ಸೇರಿ ತಂಗಿ ಬಾಗಿಲು ಹಾಕಿದಳು.

"ಯಾಕಕ್ಕ?"

"ನೀನು ಹೋದ್ರೆ ನನಗೆ ಯಾರಿದ್ದಾರೆ?" ಅಕ್ಕನ ದನಿ ಒಡೆದಿತ್ತು. "ದೇವರಿಗೆ ನಿಜವಾಗ್ಲೂ ಬೇಕಿದ್ರೆ ಹೇಗಾದ್ರೂ ಮಾಡಿ ಕರ್ಕೊಂಡು ಹೋಗ್ತಾನೆ ಅಂದುಕೊಂಡೆ. ಅವನೂ ಸುಮ್ಮನಿದ್ದ."

"ಅವನ ಮೇಲೆ ಹಾಕಬೇಡ!" ತಂಗಿ ಹುಟ್ಟಿದಾಗಿನಿಂದ ಅಕ್ಕನ ಮುಂದೆ ಅಷ್ಟು ಎತ್ತರದ ದನಿಯಲ್ಲಿ ಮಾತಾಡಿರಲಿಲ್ಲ. "ಶನಿವಾರ ಶನಿವಾರ ನನ್ನ ಕೈ ಹಿಡ್ಕೊಂಡು ಅತ್ತೆಯಲ್ಲ. ಅದೂ ಸುಳ್ಳಾ?"

"ಅಳು ಸುಳ್ಳಲ್ಲ ಕಣೇ."

"ಹೋಗಬೇಡ ಅಂತ ನನಗೇ ಹೇಳಿದ್ರೆ ಜಗಳ ಆಡ್ತಿದ್ದೆ. ಆಡಿ, ಅತ್ತು, ಪ್ರಾಯಶಃ ಉಳೀತಿದ್ದೆ ಕೂಡ. ಆದ್ರೆ ನೀನು ದೇವರ ಹೆಸರಲ್ಲಿ ಬೇಡ ಅಂದೆ. ದೇವರು ಅಂತ ನಂಬಿ ನಿನ್ನ ಮುಂದೆ ಮಂಡಿಯೂರಿದೆನಲ್ಲ ಅಕ್ಕ ನಾನು!"

ಅಕ್ಕ ಕುಸಿದು ಕೂತಳು. "ಕ್ಷಮಿಸೇ" ಎಂದಳು.

"ಕ್ಷಮಿಸ್ತೀನಿ. ಇವತ್ತಲ್ಲ."

ಹಸಿವು ಯಾರನ್ನೂ ಬಿಡುವುದಿಲ್ಲ. ಎರಡು ಗಂಟೆಗೆ ತಂಗಿಯೇ ತಟ್ಟೆ ಹಾಕಿ ಇಬ್ಬರಿಗೂ ಬಡಿಸಿದಳು. ಊಟಕ್ಕೆ ಮುಂಚಿನ ಪ್ರಾರ್ಥನೆ ಯಾವತ್ತೂ ಅಕ್ಕನದು. ಅವಳು ಬಾಯಿ ತೆರೆದಳು, ಆದರೆ ಮಾತು ಬರಲಿಲ್ಲ. ಆಗ ತಂಗಿ ಕೈಗಳನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿ, ಮನಸ್ಸಿನೊಳಗೇ ಪ್ರಾರ್ಥಿಸತೊಡಗಿದಳು. ಅನ್ನ ಆರಿ ತಣ್ಣಗಾದರೂ ಕಣ್ಣು ತೆರೆಯಲಿಲ್ಲ. ಅಕ್ಕ ಎದುರು ಕೂತು ಅವಳ ಮುಖವನ್ನೇ ನೋಡುತ್ತಿದ್ದಳು. ತಂಗಿ ದೇವರ ಹತ್ತಿರ ಏನು ಕೇಳುತ್ತಿದ್ದಾಳೆಂದು ಅವಳಿಗೆ ಗೊತ್ತಾಗದೆ ಹೋದದ್ದು ಅದೇ ಮೊದಲು.