ಅಳದ ಮಗು

ಆ ಬೆಳಿಗ್ಗೆ ಮಕ್ಕಳ ವಾರ್ಡಿನಲ್ಲಿ ಏಳು ಮಕ್ಕಳು ಒಂದೇ ಸಮನೆ ಅಳುತ್ತಿದ್ದವು. ಎಂಟನೆಯದು ಸುಮ್ಮನಿತ್ತು. ಹರಿಣಾಕ್ಷಿಗೆ ಹೆದರಿಕೆಯಾದದ್ದು ಅದನ್ನು ನೋಡಿ.

ಬೆಳ್ತಂಗಡಿಯ ಆ ಖಾಸಗಿ ಆಸ್ಪತ್ರೆಯಲ್ಲಿ ಅವಳು ನರ್ಸಾಗಿ ಹನ್ನೊಂದು ವರ್ಷವಾಗಿತ್ತು. ಮಗು ಚಾರ್ಮಾಡಿಯ ಜಸ್ನಾಳದು, ನಾಲ್ಕು ತಿಂಗಳ ಗಂಡು. ಕೆಮ್ಮು, ಶೀತವೆಂದು ಹಿಂದಿನ ದಿನ ದಾಖಲಾಗಿತ್ತು. ಡಾಕ್ಟರ್ ವಸಂತ ಎಂಟು ಗಂಟೆಗೆ ಬಂದು ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಮನೆಗೆ ಹೋಗಬಹುದು ಎಂದು ಬರೆದು ಹೋಗಿದ್ದರು. ಹೊರಗೆ ಜ್ವರದ ಮಕ್ಕಳ ಸಾಲು ಗೇಟಿನವರೆಗೆ ಇತ್ತು. ಹಾಸಿಗೆ ಬೇಕಿತ್ತು.

"ನಮ್ಮದು ಪಾಪದ ಮಗು, ತುಂಬ ಸಾಧು, ಅಳುವುದೇ ಇಲ್ಲ," ಎಂದು ಬಟ್ಟೆ ಮಡಚುತ್ತಿದ್ದ ಜಸ್ನಾಳ ಅತ್ತೆ ಬೀಫಾತಿಮಾ ಹೇಳಿದರು. "ರಿಕ್ಷಾಕ್ಕೆ ಫೋನ್ ಮಾಡಿ ಆಯಿತು ಸಿಸ್ಟರ್."

"ಬೆಳಿಗ್ಗೆಯಿಂದ ಹಾಲು ಕುಡಿದಿದ್ದಾನಾ?" ಹರಿಣಾಕ್ಷಿ ಜಸ್ನಾಳನ್ನು ಕೇಳಿದಳು.

"ಬಾಯಿಗಿಟ್ಟರೆ ಎರಡು ಸಲ ಚೀಪಿ ಬಿಡ್ತಾನೆ ಅಕ್ಕ."

ಹರಿಣಾಕ್ಷಿ ಮಗುವಿನ ಅಂಗಿ ಮೇಲೆತ್ತಿ, ವಾಚ್ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದಳು. ಅರವತ್ತೆಂಟು. ಈ ವಯಸ್ಸಿಗೆ ಐವತ್ತು ಮುಟ್ಟಿದರೇ ಜಾಸ್ತಿ. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಎದೆ ಗುಳಿ ಬೀಳುತ್ತಿತ್ತು. ಮಗು ಅಳದೆ ಇದ್ದದ್ದು ಪಾಪದ್ದೆಂದು ಅಲ್ಲ, ಅಳುವ ಶಕ್ತಿ ಇಲ್ಲದೆ.

ಅವಳು ಓಡಿ ಹೋಗಿ ಡಾಕ್ಟರ ಕೋಣೆಯ ಬಾಗಿಲು ತಳ್ಳಿದಳು.

"ಡಾಕ್ಟ್ರೇ, ಜಸ್ನಾಳ ಮಗುವಿಗೆ ಉಸಿರಾಟ ಕಷ್ಟ ಉಂಟು. ಒಮ್ಮೆ ಬಂದು ನೋಡಿ."

"ನಾನು ನೋಡಿದ್ದೇನಲ್ಲ. ಎದೆ ಸರಿ ಉಂಟು."

"ಆಗ ಇತ್ತೋ ಏನೋ. ಈಗ ಇಲ್ಲ. ಉಸಿರು ಎಣಿಸಿದೆ, ಅರವತ್ತೆಂಟು."

ಎದುರು ಕುಳಿತ ರೋಗಿಯಿಂದ ಅವರು ಕಣ್ಣು ತೆಗೆಯಲಿಲ್ಲ. "ನರ್ಸಿನ ಕೆಲಸ ನೀವು ಮಾಡಿ ಹರಿಣಾಕ್ಷಿ. ನನ್ನ ಕೆಲಸ ನಾನು ಮಾಡ್ತೇನೆ."

"ಎಣಿಸುವುದು ನರ್ಸಿನ ಕೆಲಸವೇ ಅಲ್ಲವಾ?" ಎಂದು ಅವಳು ಹಿಂದಿರುಗಿದಳು. ಯಾರ ಅಪ್ಪಣೆಗೂ ಕಾಯದೆ ಮಗುವಿಗೆ ಆಮ್ಲಜನಕ ಹಾಕಿದಳು. ಬಿಡುಗಡೆಯ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡಳು. "ರಿಕ್ಷಾ ವಾಪಸು ಕಳಿಸಿ ಉಮ್ಮ. ಈ ಮಗುವನ್ನು ನಾನು ಮನೆಗೆ ಬಿಡುವುದಿಲ್ಲ."

ಸುದ್ದಿ ಹೋಗಲು ಎಷ್ಟು ಹೊತ್ತು? ಡಾಕ್ಟರ್ ಕೆಂಪಗಾಗಿ ಬಂದರು. ವಾರ್ಡಿನ ತಾಯಂದಿರೆಲ್ಲ ನೋಡುತ್ತಿದ್ದರು. ಹರಿಣಾಕ್ಷಿ ಕೈಯ ವಾಚ್ ಬಿಚ್ಚಿ ಅವರ ಮುಂದೆ ಹಿಡಿದಳು. "ನೀವೇ ಎಣಿಸಿ. ಪೂರ್ತಿ ಒಂದು ನಿಮಿಷ."

ಹೊರಗೆ ಎಂಬತ್ತು ಜನ ಕಾಯುತ್ತಿದ್ದರೂ ಅವರು ಬಗ್ಗಿ ನಿಂತರು, ಬಹುಶಃ ಇವಳ ಬಾಯಿ ಮುಚ್ಚಿಸಲಿಕ್ಕೆಂದೇ. ಅರ್ಧ ನಿಮಿಷ ಆಗುವಷ್ಟರಲ್ಲಿ ಅವರ ತುಟಿಯ ಎಣಿಕೆ ನಿಂತಿತು. ವಾಚ್ ವಾಪಸು ಕೊಟ್ಟು, "ಆಂಬ್ಯುಲೆನ್ಸ್ ಹೇಳಿ," ಎಂದರು. "ಮಂಗಳೂರಿಗೆ."

ಹರಿಣಾಕ್ಷಿಯೇ ಜೊತೆಗೆ ಹೋದಳು. ಬಿ.ಸಿ. ರೋಡಿನಲ್ಲಿ ವಾಹನಗಳು ಸಿಕ್ಕಿಬಿದ್ದಾಗ ಜಸ್ನಾ ಅವಳ ಮೊಣಕೈ ಬಿಗಿ ಹಿಡಿದಳು. ಇಬ್ಬರೂ ಮಗುವಿನ ಎದೆಯ ಏರಿಳಿತವನ್ನೇ ನೋಡುತ್ತ ಕುಳಿತರು. ಮಂಗಳೂರಿನಲ್ಲಿ ನ್ಯುಮೋನಿಯಾ ಎಂದರು. ಐದನೇ ದಿನ ಜಸ್ನಾ ಫೋನ್ ಮಾಡಿದಾಗ ಹಿಂದಿನಿಂದ ಮಗುವಿನ ಅಳು ಜೋರಾಗಿ ಕೇಳುತ್ತಿತ್ತು.

ಮರುದಿನ ಡಾಕ್ಟರ್ ಅವಳನ್ನು ಕರೆಸಿದರು. "ಮಗುವಿನ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆದರೆ ಜನರ ಎದುರು ಹಾಗೆ ಮಾಡಿದ್ದು ತಪ್ಪು. ಕ್ಷಮಾಪಣೆ ಬರೆದು ಕೊಡಿ."

"ಕೋಣೆಯೊಳಗೆ ಬಂದು ಹೇಳಿದೆ, ನೀವು ಕೇಳಲಿಲ್ಲ. ಅದಕ್ಕೇ ಜನರ ಎದುರು ಹೇಳಬೇಕಾಯಿತು. ಬರೆಯುವುದಾದರೆ ಇಷ್ಟೇ ಬರೀತೇನೆ."

ಅಲ್ಲೇ ನಿಂತು ಅಷ್ಟನ್ನೇ ಬರೆದು, ಸಹಿ ಹಾಕಿ ಮೇಜಿನ ಮೇಲಿಟ್ಟಳು.

ಆ ಸಂಜೆ ಡ್ಯೂಟಿ ಪಟ್ಟಿಯಲ್ಲಿ ಅವಳ ಹೆಸರು ಗಂಡಸರ ವಾರ್ಡಿಗೆ ಹೋಗಿತ್ತು. ಅವಳು ಪಟ್ಟಿಯನ್ನು ಕಿತ್ತುಕೊಂಡು ಹೋಗಿ ಅವರ ಮುಂದಿಟ್ಟಳು. "ಅಲ್ಲಿಗೆ ಹೋಗ್ತೇನೆ. ಯಾಕೆ ಕಳಿಸ್ತಿದ್ದೀರಿ ಎಂದು ಬರೆದು ಕೊಡಿ."

ಡಾಕ್ಟರ್ ಪೆನ್ನು ತೆರೆದರು. ಕಾರಣ ಬರೆದರೆ ತಾವು ತಪ್ಪಿದ್ದನ್ನೂ ಬರೆಯಬೇಕಿತ್ತು. ಎರಡು ದಿನ ಕಳೆದರೂ ಆ ಕಾರಣ ಕಾಗದಕ್ಕೆ ಬರಲಿಲ್ಲ. ಮೂರನೇ ದಿನ ಹೊಸ ಪಟ್ಟಿಯಲ್ಲಿ ಹರಿಣಾಕ್ಷಿಯ ಹೆಸರು ಮತ್ತೆ ಮಕ್ಕಳ ವಾರ್ಡಿನಲ್ಲಿತ್ತು.